ರಾಯರ ಚಕ್ರದರ್ಶನ

ಪ್ರತಿಯೊಂದು ಊರಿಗೂ ಒಬ್ಬ ಜೋಯಿಸರಿರುವಂತೆ, ನಾಲ್ಕಾರು ಕಾರುಗಳು ನಿಲ್ಲುವ ಪ್ರತಿಯೊಂದು ಬೀದಿಗೂ ಒಬ್ಬ ವಾಹನಶಾಸ್ತ್ರಜ್ಞರಿರುವುದು ವಿಧಿನಿಯಮವೆಂದು ತೋರುತ್ತದೆ. ಶಿವಮೊಗ್ಗೆಯ ನಮ್ಮ ಬೀದಿಗೆ ಆ ಭಾಗ್ಯವು ನಿವೃತ್ತ ಲೆಕ್ಕಪರಿಶೋಧಕರಾದ ರಾಯರಿಂದ ಪ್ರಾಪ್ತವಾಗಿದೆ. ಮೂರು ದಶಕಗಳ ಕಾಲ ಪರರ ಕಡತಗಳಲ್ಲಿ ದೋಷವನ್ನರಸಿದ ಆ ಕಣ್ಣುಗಳು, ಅರಸಲು ಕಡತವಿಲ್ಲದೆ ಹೋದಾಗ, ಪರರ ಚಕ್ರಗಳತ್ತ ಹೊರಳಿದವು.

ಭಾನುವಾರದ ಕಾಫಿಯಾದೊಡನೆ ಟಾರ್ಚು ಹಿಡಿದು ಹೊರಡುವ ರಾಯರು, ಯಾರ ಕಾರು ಕಂಡರೂ ಪಂಚೆಯನ್ನು ಮೇಲೆ ಕಟ್ಟಿ, ಮುಂಚಕ್ರದ ಬಳಿ ಮೊಣಕಾಲೂರಿ, ಗರ್ಭಗುಡಿಯ ಮೂರ್ತಿಯನ್ನು ಕಿಂಡಿಯಿಂದ ಕಾಣುವ ಭಕ್ತನಂತೆ ಇಣುಕುವರು. ಮುಂಚಕ್ರವೇ ಏಕೆಂದರೆ, ಬ್ರೇಕು ಒತ್ತಿದೊಡನೆ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಅಲ್ಲಿನ ಪ್ಯಾಡುಗಳೇ ಬೇಗ ಸವೆಯುತ್ತವೆ. "ಹೊಸದರಲ್ಲಿ 10-12 ಮಿಲಿಮೀಟರು ದಪ್ಪ ಇರುತ್ತೆ, 3ಕ್ಕೆ ಇಳಿಯಿತೋ, ಬದಲಾಯಿಸಿಬಿಡಬೇಕು, ಒಂದು ಚಕ್ರದ್ದಲ್ಲ, ಎರಡೂ ಕಡೆಯದು!" ಎಂದು ತೀರ್ಪಾಗುವುದು. ಬ್ರೇಕ್ ಆಯಿಲು ಕಡಿಮೆಯಾಯಿತೆಂದು ಯಾರಾದರೂ ಡಬ್ಬಿ ತಂದರೆ ರಾಯರು ಕನಲುವರು: ಪ್ಯಾಡು ಸವೆದಷ್ಟೂ ಪಿಸ್ಟನ್ನು ಮುಂದಕ್ಕೆ ಸರಿದು, ಆ ತೆರವನ್ನು ತುಂಬಲು ಆಯಿಲು ಕೆಳಗಿಳಿದಿರಬಹುದು, ಕಾರಣವನ್ನರಸದೆ ಮೇಲಿನಿಂದ ಸುರಿಯುವವನು, ಲೆಕ್ಕ ಸರಿದೂಗಿಸಲು ಸುಳ್ಳು ವೋಚರು ಬರೆವವನಿಗೆ ಸಮಾನನು.

ಇಂತಹ ರಾಯರ ಸ್ವಂತ ಕಾರೇ ಕಳೆದ ಮಳೆಗಾಲದಲ್ಲಿ ಕಿರುಚತೊಡಗಿತು. ಅನ್ಯರ ಕಾರು ಹಾಗೆ ಕಿರುಚಿದ್ದರೆ, ಸವೆದ ಪ್ಯಾಡಿನ ತಗಡಿನ ನಾಲಗೆಯು ಡಿಸ್ಕಿಗೆ ತಾಗಿ ಎಚ್ಚರಿಸುತ್ತಿದೆಯೆಂದು ಅವರು ಉಪನ್ಯಾಸವನ್ನೇ ಕೊಡುತ್ತಿದ್ದರು. ತಮ್ಮದಾದ್ದರಿಂದ, "ರಾತ್ರಿ ತೇವಕ್ಕೆ ಡಿಸ್ಕಿನ ಮೇಲೆ ತುಕ್ಕು ಕೂತಿರುತ್ತೆ, ನಾಲ್ಕು ಸಲ ಬ್ರೇಕು ಹಾಕಿದರೆ ಹೋಗುತ್ತೆ" ಎಂದರು. "ಸಾಯಂಕಾಲವೂ ಕಿರುಚುತ್ತಲ್ರೀ?" ಎಂದು ಮನೆಯಾಕೆ ಕೇಳಲು, ಅದು ಧೂಳೆಂದರು, ಟಾರ್ಚು ಬಿಟ್ಟು, ಸಾಕಷ್ಟು ದಪ್ಪವಿದ್ದ ಪ್ಯಾಡನ್ನು ಆಕೆಗೆ ತೋರಿಸಿಯೂ ತೋರಿಸಿದರು.

ಉಡುಪಿಗೆ ಹೊರಡುವ ಹಿಂದಿನ ದಿನ ಆಕೆ ಖಂಡಿತವಾಗಿ ನುಡಿದರು: ಆಗುಂಬೆಯ 14 ತಿರುವುಗಳನ್ನು ಈ ಧೂಳಿನೊಡನೆ ಇಳಿಯುವುದಿದ್ದರೆ ರಾಯರೊಬ್ಬರೇ ಇಳಿಯತಕ್ಕದ್ದು. ಗ್ಯಾರೇಜಿನ ಹುಡುಗನು ಬಂದು ಚಕ್ರ ಬಿಚ್ಚಿ, ಎರಡು ಪ್ಯಾಡುಗಳನ್ನು ಜಗಲಿಯ ಮೇಲಿಟ್ಟನು. ಹೊರಗಿನದು ಗಟ್ಟಿಮುಟ್ಟಾಗಿತ್ತು, ಒಳಗಿನದರಲ್ಲಿ ಬರಿಯ ಕಬ್ಬಿಣವುಳಿದಿತ್ತು. "ಕ್ಯಾಲಿಪರ್ ಪಿನ್ನು ಜಾಮಾಗಿದೆ ಸಾರ್. ಎಲ್ಲಾ ಭಾರ ಒಳಗಿನದೇ ಹೊತ್ತಿದೆ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ."

ಮನೆಯಾಕೆ ಆ ಎರಡನ್ನೂ ಬಹಳ ಹೊತ್ತು ದಿಟ್ಟಿಸಿ, "ಒಳಗಿನದು ಕಿರುಚಿದ್ದೆಲ್ಲ ನಿಮಗೆ ಧೂಳಾಗಿಯೇ ಕೇಳಿಸುತ್ತೆ" ಎಂದು ಅಡುಗೆಮನೆಗೆ ನಡೆದರು. ಆ ವಾಕ್ಯವು ಕಾರನ್ನು ಕುರಿತದ್ದೇ ಎಂದು ವಿಚಾರಿಸುವ ಧೈರ್ಯ ರಾಯರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಮುಂದಿನ ಭಾನುವಾರ ಟಾರ್ಚು ಮತ್ತೆ ನಮ್ಮ ಗೇಟಿನ ಬಳಿ ಬೆಳಗಿತು. "ಹೊರಗಿನದು ನೋಡಿ ಮೋಸಹೋಗಬೇಡಿ, ಚಕ್ರ ಬಿಚ್ಚಿಸಿ ಒಳಗಿನದನ್ನೂ ನೋಡಬೇಕು" ಎಂದು ರಾಯರು ಗಂಭೀರವಾಗಿ ಉಪದೇಶಿಸಿ, ಧ್ವನಿ ತಗ್ಗಿಸಿ ಹೇಳಿದರು: "ಇದೇ ಬೀದಿಯಲ್ಲಿ ಒಬ್ಬ ಮಹಾಶಯ ಹಾಗೇ ಮೋಸಹೋದ."