ಸಾಣೆ ಹಿಡಿದ ಸಾಹೇಬರು

ಬೆಂಗಳೂರಿನ ಯಾವುದಾದರೂ ಭಾರಿ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಶುಕ್ರವಾರ ಸಂಜೆ ಇವರನ್ನು ಗುರುತು ಹಿಡಿಯುವುದು ಸುಲಭ. ವಯಸ್ಸು ಐವತ್ತರ ಹಿಂದೆ ಮುಂದೆ. ಹುದ್ದೆಯ ಹೆಸರು ವಿಸಿಟಿಂಗ್ ಕಾರ್ಡಿನ ಒಂದೇ ಸಾಲಿನಲ್ಲಿ ಹಿಡಿಯುವುದಿಲ್ಲ. ದುಬಾರಿ ಕಾರಿನ ಡಿಕ್ಕಿಯಲ್ಲಿ ಎಲ್ಲಿಂದಲೋ ಆರಿಸಿ ತಂದ ಹಳೆಯ ಹೆಂಚು, ಒಂದು ಕ್ಯಾನು ಗೇರೆಣ್ಣೆ, ಒಂದು ಮೂಟೆ ಸುಣ್ಣದಕಲ್ಲು. ಮುಂದಿನ ಸೀಟಿನ ಮೇಲೆ ಮಾತ್ರ, ಮಗುವನ್ನು ಕೂರಿಸಿದಷ್ಟು ಜೋಪಾನವಾಗಿ, ಒಂದು ಪುಟ್ಟ ಪೆಟ್ಟಿಗೆ. ಅದರೊಳಗೆ ವಜ್ರದ ಪುಡಿ ಮೆತ್ತಿದ ಕೆತ್ತನೆಯ ಮೊನೆಗಳು ಮತ್ತು ಹತ್ತಿಯಲ್ಲಿ ಸುತ್ತಿದ ಅರೆಬರೆ ಹರಳುಗಳು. ಇವರ ಗುರಿ ಸಕಲೇಶಪುರದ ಆಚೆಗೋ ಮೂಡಿಗೆರೆಯ ಈಚೆಗೋ ಗುಡ್ಡದ ಓರೆಯಲ್ಲಿರುವ ಒಂದು ಹಳೆಯ ಹೆಂಚಿನ ಮನೆ. ಮನೆಯನ್ನು ರಿಪೇರಿ ಮಾಡುವುದು ಒಂದು ಹವ್ಯಾಸ, ಅದರ ಹಿಂದಿನ ದನದ ಕೊಟ್ಟಿಗೆಯಲ್ಲಿ ಕೂತು ಹರಳು ಕೆತ್ತುವುದು ಇನ್ನೊಂದು. ಕಪಾಟಿನಲ್ಲಿ ತೇಜಸ್ವಿಯವರ ಪುಸ್ತಕಗಳ ಪೂರ್ತಿ ಸಾಲು ಇರುತ್ತದೆ. ತೇಜಸ್ವಿ ಮೂಡಿಗೆರೆಗೆ ಹೋದದ್ದು ತೋಟ ಮಾಡಿ ಬದುಕಲು, ಸೋಮವಾರ ವಾಪಸು ಬರಲು ಅಲ್ಲ ಎಂಬ ಸಣ್ಣ ವ್ಯತ್ಯಾಸವನ್ನು ಯಾರೂ ಎತ್ತುವುದಿಲ್ಲ. ಇವರನ್ನು ಸಾಣೆ ಸಾಹೇಬರು ಎಂದು ಕರೆಯೋಣ.

ಯಾಕೆ ಇದೆಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: "ಸ್ವಲ್ಪ ಶಾಂತಿ ಬೇಕು ಕಣ್ರೀ." ಈ ಮಾತನ್ನು ನಂಬಲು ಪುರಾವೆಗಳೇ ಬಿಡುವುದಿಲ್ಲ. ಶಾಂತಿ ಬೇಕಾದವರು ನೆಲಮಂಗಲದ ಟ್ರಾಫಿಕ್ಕಿನಲ್ಲಿ ಶುಕ್ರವಾರದ ರಾತ್ರಿಯನ್ನು ಕಳೆಯುವುದಿಲ್ಲ, ಶನಿವಾರ ಬೆಳಿಗ್ಗೆ ಏಣಿ ಹತ್ತಿ ಗೆದ್ದಲು ಹಿಡಿದ ಪಕಾಸಿಗಳನ್ನು ತಟ್ಟಿ ನೋಡುವುದಿಲ್ಲ, ಮಧ್ಯಾಹ್ನ ಕಿವಿಗೆ ಹತ್ತಿ ತುರುಕಿಕೊಂಡು ಗರ್ರ್ ಎನ್ನುವ ಸಾಣೆಯ ಮುಂದೆ ಬಗ್ಗಿ ಕೂರುವುದಿಲ್ಲ. ಮಲಗುತ್ತಾರೆ. ಸಾಹೇಬರು ಬೆಟ್ಟ ಹತ್ತಿದ್ದು ವಿಶ್ರಾಂತಿಗಲ್ಲ. ತಮಗೆ ಎದುರು ಹೇಳುವವರನ್ನು ಹುಡುಕಿಕೊಂಡು ಹತ್ತಿದ್ದಾರೆ ಎಂಬುದು ನನ್ನ ವಾದ. ಅವರ ವಾರದ ಐದು ದಿನಗಳನ್ನು ಗಮನಿಸಿ. ಕೈಕೆಳಗಿನವರು "ಖಂಡಿತ ಸಾರ್" ಎನ್ನುತ್ತಾರೆ, ಮೇಲಿನವರು "ಅದ್ಭುತ" ಎನ್ನುತ್ತಾರೆ, ಗಿರಾಕಿ "ಚರ್ಚಿಸೋಣ" ಎನ್ನುತ್ತಾನೆ. ಮಾಡಿದ ಕೆಲಸ ಸರಿಯೋ ತಪ್ಪೋ ತಿಳಿಯುವ ಹೊತ್ತಿಗೆ ಆ ಪ್ರಾಜೆಕ್ಟೇ ಬೇರೆಯವರಿಗೆ ದಾಟಿರುತ್ತದೆ. ಇಪ್ಪತ್ತೈದು ವರ್ಷ ಹೀಗೆ ಬದುಕಿದವನಿಗೆ ಯಾರಾದರೂ ಮುಖಕ್ಕೆ ಹೊಡೆದಂತೆ "ಇದು ತಪ್ಪು" ಎಂದರೆ ಸಾಕು ಎಂಬ ಹಸಿವು ಹುಟ್ಟಿದರೆ ಆಶ್ಚರ್ಯವೇನು? ಮನೆಯಾಕೆ ಅದನ್ನು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದಾರಲ್ಲ ಎನ್ನಬಹುದು. ನಿಜ. ಆದರೆ ಅಲ್ಲಿ ವಾದ ಮಾಡಲು ಅವಕಾಶವಿದೆ, ಮತ್ತು ವಾದ ಮಾಡುವುದು ಸಾಹೇಬರ ಕಸುಬು. ವಾದಕ್ಕೆ ಕಿವಿಗೊಡದ ಎದುರಾಳಿ ಅವರಿಗೆ ಬೇಕಾಗಿತ್ತು.

ಮೊದಲು ಕಲ್ಲಿನ ಸಾಕ್ಷಿ. ಖನಿಜಗಳ ಗಡಸುತನಕ್ಕೆ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ 1ರಿಂದ 10ರ ಪಟ್ಟಿ ಇವತ್ತಿಗೂ ಚಾಲ್ತಿಯಲ್ಲಿದೆ. ಯಾವುದು ಯಾವುದನ್ನು ಗೀರಬಲ್ಲದು ಎಂಬುದಷ್ಟೇ ಅದರ ಲೆಕ್ಕ: ಟಾಲ್ಕ್ 1, ಬೆಣಚುಕಲ್ಲು 7, ಕುರಂದ 9, ವಜ್ರ 10, ಸಾಧಾರಣ ಚಾಕುವಿನ ಉಕ್ಕು ಐದೂವರೆ. ಹೊಯ್ಸಳರ ಶಿಲ್ಪಿಗಳು ಬುದ್ಧಿವಂತರು. ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲನ್ನು ಆರಿಸಿಕೊಂಡರು. ತಾನು ಕೆತ್ತಿದ ಮೂರ್ತಿಗಳ ಕೆಳಗೆ ಹೆಸರು ಬರೆದು ಹೋದ ಮಲ್ಲಿತಮ್ಮನಂಥ ಪಳಗಿದ ಕೈಗೇ ಮೆತ್ತನೆಯ ಕಲ್ಲು ಸಾಕಾಗಿತ್ತು. ಉಳಿ ಹಿಡಿದು ಗೊತ್ತಿಲ್ಲದ ಸಾಹೇಬರು ಮಾತ್ರ ನೇರವಾಗಿ 7ಕ್ಕೆ ಕೈ ಹಾಕುತ್ತಾರೆ: ಅಮೆಥಿಸ್ಟ್, ಅಗೇಟ್, ಜಾಸ್ಪರ್, ಎಲ್ಲ ಬೆಣಚುಕಲ್ಲಿನ ಬಂಧುಬಳಗವೇ. ಅವು ಉಕ್ಕಿಗೆ ಸೊಪ್ಪು ಹಾಕುವುದಿಲ್ಲ, ವಜ್ರದ ಪುಡಿಯಂಥ ತಮಗಿಂತ ಗಡಸಾದದ್ದಕ್ಕೆ ಮಾತ್ರ ಬಗ್ಗುತ್ತವೆ, ಅದೂ ನೀರು ಹನಿಸುತ್ತಾ ಕೂದಲೆಳೆಯಷ್ಟು. ಅವಸರಪಟ್ಟು 8ಕ್ಕೆ ಏರಿ ಟೋಪಾಜ್ ಹಿಡಿದವರಿಗೆ ಬೇರೊಂದು ಪಾಠ ಕಾದಿರುತ್ತದೆ. ಗಡಸುತನದಲ್ಲಿ ಅದು ಬೆಣಚುಕಲ್ಲನ್ನು ಮೀರಿಸಿದರೂ ಅದರೊಳಗೆ ಒಂದು ಸೀಳುವ ದಿಕ್ಕಿದೆ. ಆ ದಿಕ್ಕಿಗೆ ಏಟು ಬಿದ್ದರೆ ವಾರಗಟ್ಟಲೆ ಕೂತು ಹರಳಿನಲ್ಲಿ ಕೆತ್ತಿದ ಪುಟ್ಟ ಆನೆ ನಯವಾಗಿ ಎರಡು ಹೋಳಾಗುತ್ತದೆ.

ಹೊಳಪು ಕೊಡುವ ಹಂತವಂತೂ ಯಾವ ಆಡಿಟ್ಟಿಗೂ ಕಡಿಮೆಯಿಲ್ಲ. 80ರ ಒರಟು ಪುಡಿಯಿಂದ ಶುರುಮಾಡಿ 220, 600, 1200, 3000 ಎಂದು ಮೆಟ್ಟಿಲು ಹತ್ತಬೇಕು. ಪ್ರತಿಯೊಂದು ಮೆಟ್ಟಿಲಿನ ಕೆಲಸ ಒಂದೇ: ಹಿಂದಿನದು ಮಾಡಿದ ಗೀರುಗಳನ್ನು ಅಳಿಸಿ ತನ್ನ ಸಣ್ಣ ಗೀರುಗಳನ್ನು ಬಿಡುವುದು. 220ರಲ್ಲಿ ಒಂದು ಗೀರನ್ನು "ಪರವಾಗಿಲ್ಲ, ಮುಂದೆ ಸರಿಹೋಗುತ್ತದೆ" ಎಂದು ಬಿಟ್ಟರೆ ಅದು ಮುಂದೆ ಸರಿಹೋಗುವುದಿಲ್ಲ. ಮಂಕಾದ ಕಲ್ಲಿನಲ್ಲಿ ತಲೆಮರೆಸಿಕೊಂಡಿದ್ದು, ಕೊನೆಯ ಹೊಳಪು ಬಂದ ಕ್ಷಣ ಬೆಳಕಿಗೆ ಬರುತ್ತದೆ. ಮತ್ತೆ 220ಕ್ಕೆ ಇಳಿಯದೆ ಬೇರೆ ದಾರಿಯಿಲ್ಲ. "ಪರವಾಗಿಲ್ಲ" ಎಂಬ ಒಂದೇ ಮಂತ್ರದಿಂದ ಬಡ್ತಿಯ ಮೇಲೆ ಬಡ್ತಿ ಪಡೆದ ವ್ಯಕ್ತಿಗೆ ಇದು ದೊಡ್ಡ ಆಘಾತ. ಕುತೂಹಲದ ಸಂಗತಿ ಏನೆಂದರೆ ಅವರು ಬೈದುಕೊಂಡು ಎದ್ದು ಹೋಗುವುದಿಲ್ಲ. ಅರಗಿನಲ್ಲಿ ಕಡ್ಡಿಗೆ ಅಂಟಿಸಿದ ಕಲ್ಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಮತ್ತೆ ಶುರುಮಾಡುತ್ತಾರೆ. ಆಫೀಸಿನಲ್ಲಿ ಇದೇ ಮನುಷ್ಯನಿಗೆ ಒಂದು ವರದಿಯನ್ನು ಎರಡನೇ ಸಲ ತಿದ್ದಿಸುವ ಧೈರ್ಯ ಯಾರಿಗೂ ಇಲ್ಲ.

ಇನ್ನು ಮನೆಯ ಸಾಕ್ಷಿ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿಲಿಮೀಟರಿನ ಆಸುಪಾಸು. ಆಗುಂಬೆಯ ಸರಾಸರಿ 7,000 ಮೀರುತ್ತದೆ. ಸಾಹೇಬರ ಗುಡ್ಡ ಅಷ್ಟು ಒದ್ದೆಯಲ್ಲದಿದ್ದರೂ ಅವರ ಅಂದಾಜುಗಳನ್ನು ತೊಳೆದುಹಾಕಲು ಅಲ್ಲಿನ ಮಳೆ ಧಾರಾಳ ಸಾಕು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ಒಳಗೆ ಸೇರಿದ ತೇವ ಆಚೆ ಬರಲು ದಾರಿಯಿಲ್ಲದೆ ಒಂದೆರಡು ಮಳೆಗಾಲದಲ್ಲಿ ಗಿಲಾವು ಹಪ್ಪಳದಂತೆ ಎದ್ದು ಬರುತ್ತದೆ. ಹಿಂದಿನವರು ಬೆಲ್ಲದ ನೀರು, ಅಳಲೆಕಾಯಿ ಸೇರಿಸಿ ಅರೆದ ಸುಣ್ಣದ ಗಾರೆ ಬಳಸಿದ್ದು ಸಿಮೆಂಟು ಸಿಗದಿದ್ದಕ್ಕೆ ಮಾತ್ರವಲ್ಲ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಆದರೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವ ಜಾತಿ, ತಿಂಗಳುಗಳೇ ಹಿಡಿಯುತ್ತವೆ. ಡೆಡ್‌ಲೈನ್ ಎಂಬುದು ಅದಕ್ಕೆ ತಿಳಿಯದು. ಹೆಂಚು ತೆಗೆದು ಚಾವಣಿಗೆ ದೊಡ್ಡ ಗಾಜು ಕೂರಿಸುವ ಸಾಹೇಬರ ಮೊದಲ ವರ್ಷದ ಕನಸಿಗೆ ಮೇಸ್ತ್ರಿ ಕೊಡುವ ಉತ್ತರ ಚಿಕ್ಕದು: "ಹಂಗೆ ಮಾಡಿದ್ರೆ ಸೋರ್ತದೆ ಸಾರ್." ಮಾಡಿಸುತ್ತಾರೆ, ಸೋರುತ್ತದೆ. ಮೇಸ್ತ್ರಿ ಜೂನ್‌ನಲ್ಲಿ ಬಂದು ಬಕೆಟ್ ಎಲ್ಲಿಡಬೇಕೆಂದು ತೋರಿಸುತ್ತಾನೆ, "ನಾನು ಆಗಲೇ ಹೇಳಿರಲಿಲ್ವಾ" ಎನ್ನುವುದೂ ಇಲ್ಲ. ಆ ಮೌನಕ್ಕೆ ಸಾಹೇಬರು ಯಾವ ಕನ್ಸಲ್ಟೆಂಟನ ವರದಿಗೂ ಕೊಡದಷ್ಟು ಮರ್ಯಾದೆ ಕೊಡುತ್ತಾರೆ. ಇಷ್ಟಾದರೂ ಹಳೆಯ ಚಟ ಪೂರ್ತಿ ಹೋಗಿರುವುದಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆಯ ಹೆಂಚಿನ ಮೇಲೆ 1865 ಎಂದು ಅಚ್ಚಾಗಿರುವುದನ್ನು ತೋರಿಸಿ, ತಮ್ಮ ಮಾಡಿಗೆ ನೂರೈವತ್ತು ವರ್ಷ ದಾಟಿತು ಎಂದು ಅತಿಥಿಗಳಿಗೆ ಹೇಳುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ. ಆ ಮುದ್ರೆ ಹೊತ್ತ ಹೆಂಚುಗಳು ಮುಂದೆ ದಶಕಗಳ ಕಾಲ ತಯಾರಾದವು. ಹೆಂಚು ಎದುರು ಮಾತಾಡುವುದಿಲ್ಲವಾದ್ದರಿಂದ ಈ ಒಂದು ವಿಷಯದಲ್ಲಿ ಸಾಹೇಬರು ಇನ್ನೂ ಗೆಲ್ಲುತ್ತಿದ್ದಾರೆ.

ಈ ಹಸಿವು ಬೆಂಗಳೂರಿನ ಐಟಿ ರಸ್ತೆಯಲ್ಲೇ ಹುಟ್ಟಿದ್ದೆಂದು ತಿಳಿಯಬೇಕಿಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಜ್ಯೂರಿಕ್ ಸರೋವರದ ದಡದ ಬೋಲಿಂಗೆನ್‌ನಲ್ಲಿ 1923ರಲ್ಲಿ ಒಂದು ಕಲ್ಲಿನ ಗೋಪುರದ ಮನೆ ಶುರುಮಾಡಿದ. ವಿದ್ಯುತ್ ಇಲ್ಲ, ನಲ್ಲಿ ಇಲ್ಲ; ಸೌದೆ ಒಡೆಯುವುದು, ನೀರು ಸೇದುವುದು ಎಲ್ಲ ತಾನೇ. ಮೂವತ್ತಕ್ಕೂ ಹೆಚ್ಚು ವರ್ಷ ಅದಕ್ಕೆ ಒಂದೊಂದೇ ಭಾಗ ಸೇರಿಸುತ್ತ ಹೋದ. 1950ರಲ್ಲಿ ಗೋಡೆಯ ಮೂಲೆಗೆಂದು ತರಿಸಿದ ಕಲ್ಲು ಅಳತೆ ತಪ್ಪಿ ಚೌಕಾಕಾರದ ದಿಂಡಾಗಿ ಬಂತು. ಮೇಸ್ತ್ರಿ ಸಿಟ್ಟಾಗಿ ವಾಪಸು ಕಳಿಸಲು ಹೊರಟರೆ, ಯೂಂಗ್ ಅದೇ ತನಗೆ ಬೇಕಾದ ಕಲ್ಲೆಂದು ಇಟ್ಟುಕೊಂಡು ಮೂರು ಮುಖಗಳ ಮೇಲೆ ಕೈಯಾರೆ ಅಕ್ಷರ ಕೆತ್ತಿದ. ಇಡೀ ಯುರೋಪು ತನ್ನ ಮಾತಿಗೆ ತಲೆದೂಗುತ್ತಿದ್ದಾಗ ಎಪ್ಪತ್ತೈದರ ವಯಸ್ಸಿನ ಮನುಷ್ಯ ತಲೆದೂಗದ ವಸ್ತುವಿನ ಮುಂದೆ ಹೋಗಿ ಕೂತ. ನಮ್ಮ ಸಾಹೇಬರು ಯೂಂಗನ ಪಂಕ್ತಿಗೆ ಸೇರುತ್ತಾರೆ ಎಂದು ಹೇಳಲಾರೆ. ಹಸಿವು ಒಂದೇ, ಎಲೆಯ ಮೇಲಿನ ಅಡುಗೆ ಬೇರೆ.

ಇದು ದುಡ್ಡಿದ್ದವರ ಆಟ ಎಂಬ ಆಕ್ಷೇಪಣೆಗೆ ಬಲವಿದೆ, ಇತಿಹಾಸದ ಬೆಂಬಲವೂ ಇದೆ. ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್ 1783ರಲ್ಲಿ ವರ್ಸೇಲ್ಸ್‌ನಲ್ಲಿ ತನಗೊಂದು ಆಟದ ಹಳ್ಳಿ ಕಟ್ಟಿಸಿಕೊಂಡಳು. ಹೊಸ ಗೋಡೆಗಳು ಹಳತಾಗಿ ಕಾಣಲೆಂದು ಬಿರುಕುಗಳನ್ನು ಬಣ್ಣದಲ್ಲಿ ಬರೆಸಿದರು. ನಮ್ಮಲ್ಲಿಯೂ 1961ರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ರದ್ದಾದ ಮೇಲೆ ಬೇಸಾಯವಿಲ್ಲದವರಿಗೂ ಕೃಷಿಭೂಮಿಯ ಬಾಗಿಲು ತೆರೆಯಿತು, ಗುಡ್ಡದ ಬೆಲೆಗೆ ರೆಕ್ಕೆ ಬಂತು. ಎಲೆಚುಕ್ಕೆ ರೋಗಕ್ಕೆ ಅಡಿಕೆ ಕಳೆದುಕೊಂಡವನಿಗೆ ಎದುರು ಮಾತು ಕೇಳಲು ವಾರಾಂತ್ಯದ ಪ್ರವಾಸ ಬೇಕಿಲ್ಲ. ಮಳೆ, ಬ್ಯಾಂಕು, ಮಂಡಿ ಎಲ್ಲವೂ ದಿನಾ ಹೇಳುತ್ತವೆ. ಇದನ್ನು ಒಪ್ಪಲೇಬೇಕು. ಆದರೂ ರಾಣಿಗೂ ಸಾಹೇಬರಿಗೂ ಒಂದು ಅಂತರವಿದೆ. ಆಕೆಯ ಬಿರುಕುಗಳು ಆಕೆ ಹೇಳಿದಲ್ಲಿ ಮೂಡಿದವು. ಇವರ ಬಿರುಕುಗಳು ಇವರ ಮಾತು ಕೇಳುವುದಿಲ್ಲ. ಗೋಡೆಯ ಬಿರುಕಿಗೆ ಬಣ್ಣ ಬಳಿದು "ರಸ್ಟಿಕ್" ಎಂದು ಕರೆದು ಫೋಟೋ ತೆಗೆಯುವವರು ರಾಣಿಯ ವಂಶಸ್ಥರು. ಬಿರುಕಿನೊಳಗೆ ಬೆರಳು ತೂರಿಸಿ ಮುಖ ಸಪ್ಪೆ ಮಾಡಿಕೊಳ್ಳುವವರು ನಾನು ಹೇಳುತ್ತಿರುವ ಸಾಹೇಬರು.

ಎರಡನೆಯ ಆಕ್ಷೇಪಣೆ ಇನ್ನೂ ಹರಿತ. ಗುಜರಾತಿನ ಖಂಬಾತದಲ್ಲಿ ಅಗೇಟ್ ಕೆಲಸ ತಲೆತಲಾಂತರದಿಂದ ನಡೆದುಬಂದಿದೆ. ಪಕ್ಕದ ಲೋಥಲ್‌ನ ಹರಪ್ಪ ಕಾಲದ ಮಣಿಗಳೇ ಆ ಸೀಮೆಯ ಕಸುಬಿನ ಹಳಮೆಗೆ ಸಾಕ್ಷಿ. ಅದೇ ಊರಿನಲ್ಲಿ ಒಣ ಸಾಣೆಯ ಧೂಳು ಕುಡಿದು ಸಿಲಿಕೋಸಿಸ್ ಹತ್ತಿಸಿಕೊಂಡ ಕೆಲಸಗಾರರಿದ್ದಾರೆ. ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೊಕ್ಕು ಮಾಡುವ ಗಾಯಕ್ಕೆ ವಾಸಿಯಾಗುವ ಔಷಧಿಯಿಲ್ಲ. ಸಾಹೇಬರು ಮಾಸ್ಕ್ ಕಟ್ಟಿ, ನೀರು ಹನಿಸಿ, ಬೇಸರ ಬಂದರೆ ಸ್ವಿಚ್ ಆರಿಸಿ ಕಾಫಿಗೆ ಏಳುತ್ತಾರೆ. ಹಾಗಿದ್ದಮೇಲೆ ಅವರ ಕಷ್ಟ ನಾಟಕವಲ್ಲವೇ? ಹೌದು, ಪರದೆ ಬೀಳಿಸುವ ಹಗ್ಗ ಅವರ ಕೈಯಲ್ಲೇ ಇದೆ. ಆದರೆ ಪಾತ್ರ ಮಾಡಿದವನಿಗೆ ಮಾತ್ರ ತಿಳಿಯುವ ಒಂದು ಲೆಕ್ಕವೂ ಇದೆ: ಉಗುರುಗಾತ್ರದ ಎಲೆಯೊಂದಕ್ಕೆ ಎಷ್ಟು ಹೊತ್ತು ಹೋಯಿತು ಎಂಬುದು. ಆ ಹೊತ್ತನ್ನು ತಮ್ಮ ಸಂಬಳದ ದರದಲ್ಲಿ ಗುಣಿಸಿ ನೋಡಿದ ಸಾಹೇಬರು ಬೀದಿಬದಿಯ ಹರಳಿನ ಅಂಗಡಿಯಲ್ಲಿ ಚೌಕಾಸಿಗೆ ಬಾಯಿ ತೆರೆಯಲಾರರು, ಮೇಸ್ತ್ರಿಯ ಕೂಲಿಯಲ್ಲಿ ನೂರು ರೂಪಾಯಿ ಹಿಡಿಯಲಾರರು. ತೆರೆದರೆ, ಹಿಡಿದರೆ, ಅಷ್ಟು ದಿನ ಕಲ್ಲು ಹೇಳಿದ್ದು ಅವರ ಕಿವಿಗೆ ಬಿದ್ದಿಲ್ಲವೆಂದೇ ಅರ್ಥ. ಇದಕ್ಕಿಂತ ನೇರವಾದ ಪರೀಕ್ಷೆ ನನಗೆ ಕಾಣುವುದಿಲ್ಲ.

ಜೈಪುರದಲ್ಲಿ ಇದಕ್ಕಿಂತ ಚೆಂದದ ಆನೆ ಕಡಿಮೆ ಬೆಲೆಗೆ ಸಿಗುತ್ತದೆ, ಒಬ್ಬ ಕಂಟ್ರಾಕ್ಟರು ಮನೆಯನ್ನು ಬೇಸಗೆಯೊಳಗೆ ಮುಗಿಸಿಕೊಡುತ್ತಾನೆ ಎನ್ನುವವರಿಗೆ ಹೆಚ್ಚು ಉತ್ತರ ಬೇಕಿಲ್ಲ. ಎರಡೂ ನಿಜ. ಆದರೆ ಕೊಂಡ ಆನೆ ತಪ್ಪು ತೋರಿಸುವುದಿಲ್ಲ, ಮುಗಿದ ಮನೆ ಸೋರುವುದಿಲ್ಲ. ಸಾಹೇಬರಿಗೆ ಮತ್ತೆ ಉಳಿಯುವುದು "ಖಂಡಿತ ಸಾರ್" ಒಂದೇ. ನಿಜವಾದ ಅಪಾಯ ಬೇರೆ ಕಡೆ ಇದೆ. ಸೋಮವಾರದ ಮೀಟಿಂಗಿಗೆ ಸಾಹೇಬರು "ಬೆಣಚುಕಲ್ಲು ನನಗೆ ಕಲಿಸಿದ ನಾಯಕತ್ವದ ಏಳು ಪಾಠಗಳು" ಎಂಬ ಸ್ಲೈಡುಗಳನ್ನು ತಂದರೆ, ಅಥವಾ ಅದನ್ನೇ ಲಿಂಕ್ಡ್‌ಇನ್‌ನಲ್ಲಿ ಬರೆದು ಸಾವಿರಾರು ಚಪ್ಪಾಳೆ ಗಿಟ್ಟಿಸಿದರೆ, ಗುಡ್ಡ ಹತ್ತಿ ಸಂಪಾದಿಸಿದ ಅಷ್ಟೂ ಎದುರುಮಾತು ಮತ್ತೆ ಹೌದಪ್ಪಗಳ ಬಾಯಿಗೆ ಬಿದ್ದು ಕರಗುತ್ತದೆ. ಹಾಗಾಗಿ ಇಂಥ ಬಂಧುವೋ ಬಾಸೋ ಇರುವವರಿಗೆ ಒಂದು ಕರ್ತವ್ಯವಿದೆ. ಸಾಹೇಬರು ಅಂಗೈ ಬಿಚ್ಚಿ ತಮ್ಮ ಆನೆಯನ್ನು ತೋರಿಸಿದಾಗ "ಅದ್ಭುತ" ಎನ್ನಬೇಡಿ. ಹಂದಿಯಂತಿದ್ದರೆ ಹಂದಿಯಂತಿದೆ ಎನ್ನಿ. ಅವರು ಅಷ್ಟು ದೂರ ಪೆಟ್ರೋಲು ಸುಟ್ಟು ಹೋಗುವುದು ಆ ಒಂದು ವಾಕ್ಯಕ್ಕಾಗಿ. ಅಪ್ರೈಸಲ್ ಮುಗಿಯುವ ತನಕ ಕಾದು ಹೇಳಿದರೂ ನಡೆಯುತ್ತದೆ.