ಗುಳ್ಳೆ ನಡುವಿಗೆ ಬಂದ ಭಾನುವಾರ

ನನ್ನ ಥಾರ್ ಜೀಪಿನ ಮೂಗು ತಗ್ಗಿದೆ ಎಂದು ಮೊದಲು ಕಂಡುಹಿಡಿದವನು ನಾನೇ. ಎಂಟು ವರ್ಷ ಓಡಿಸಿದರೂ ಕಣ್ಣಿಗೆ ಬೀಳದ್ದು, ಮೇ ತಿಂಗಳ ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತು ಚಾ ಕುಡಿಯುವಾಗ ಬಿತ್ತು. ಹಿಂಬದಿ ಎತ್ತರ, ಮುಂಬದಿ ತಗ್ಗು. ಗೇಟಿನ ಹತ್ತಿರ ಬಿದ್ದದ್ದೇನನ್ನೋ ಮೂಸುತ್ತಾ ನಿಂತ ಎಮ್ಮೆಯ ಹಾಗೆ.

ಅನುಮಾನ ಪರಿಹಾರಕ್ಕೆ, ಹಿಂದಿನ ವರ್ಷ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ ಮೇಸ್ತ್ರಿ ಬಿಟ್ಟುಹೋಗಿದ್ದ ರಸಮಟ್ಟವನ್ನು ತಂದು ಬಾಗಿಲಿನ ಕೆಳಗಿನ ಪಟ್ಟಿಯ ಮೇಲಿಟ್ಟೆ. ಗುಳ್ಳೆ ಹಿಂದಕ್ಕೆ ಓಡಿ ಮೂಲೆಯಲ್ಲಿ ಕೂತಿತು. ವಿಜ್ಞಾನವೇ ಹೇಳಿದ ಮೇಲೆ ಇನ್ನೇನು?

ನಮ್ಮ ವಾಮಂಜೂರಿನಲ್ಲಿ 2002ರಿಂದ ಒಂದು ಇಂಜಿನಿಯರಿಂಗ್ ಕಾಲೇಜಿದೆ. ನಾನು ಅಲ್ಲಿ ಓದಿದವನಲ್ಲ ಎಂಬುದನ್ನು ಕಾಲೇಜಿನ ಮರ್ಯಾದೆಯ ದೃಷ್ಟಿಯಿಂದ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮೆಕ್ಯಾನಿಕಲ್ ಜ್ಞಾನವೆಲ್ಲ ರಾತ್ರಿ ಹನ್ನೊಂದರ ನಂತರ ಮೊಬೈಲಿನಲ್ಲಿ ನೋಡಿದ್ದು. ಅಮೆರಿಕದಲ್ಲಿ ಗಡ್ಡದ ಒಬ್ಬ ಮನುಷ್ಯ ತನ್ನ ಮನೆಯ ಗ್ಯಾರೇಜಿನಲ್ಲಿ, ಬಿಳಿ ಅಂಗಿಗೆ ಕಲೆಯಾಗದ ಹಾಗೆ, ಇಪ್ಪತ್ತು ನಿಮಿಷದಲ್ಲಿ ಲೆವೆಲಿಂಗ್ ಕಿಟ್ ಕೂರಿಸಿ ಗಾಡಿಯ ಮುಂಬದಿಯನ್ನು ಎರಡು ಇಂಚು ಎತ್ತಿದ್ದ. ನಾನೂ ತರಿಸಿದೆ.

"ಆರ್‌ಟಿಒದವರು ಹಿಡಿದರೆ?" ಎಂದಳು ಹೆಂಡತಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅವಳಿಗೆ ಗೊತ್ತು. ಕಂಪನಿ ಕೊಟ್ಟ ರೂಪವನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. ಇದು ಬದಲಾವಣೆಯಲ್ಲ, ತಿದ್ದುಪಡಿ ಎಂದೆ. ಅವಳು ಉತ್ತರ ಕೊಡಲಿಲ್ಲ. ನಮ್ಮ ಮನೆಯಲ್ಲಿ ಅದು ಒಪ್ಪಿಗೆಯ ಲಕ್ಷಣವಲ್ಲ.

ಭಾನುವಾರ ಹೆಂಡತಿಯ ತಮ್ಮ ಬಂದ. ನಾವು ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುವುದು. ಪೆಟ್ಟಿಗೆ ಒಡೆದರೆ ಒಳಗೆ ಎರಡು ದಪ್ಪ ಬಿಲ್ಲೆಗಳು. ಸ್ಪ್ರಿಂಗಿನ ತಲೆಯ ಮೇಲೆ ಕೂರಿಸುವಂಥವು. ನಾನು ಬೆನ್ನಡಿಗೆ ಗೋಣಿ ಹಾಕಿಕೊಂಡು ಗಾಡಿಯ ಕೆಳಗೆ ನುಸುಳಿ ಸ್ಪ್ರಿಂಗು ಹುಡುಕಿದೆ. ಎಡಗಡೆ ಇಲ್ಲ. ಬಲಗಡೆಯೂ ಇಲ್ಲ.

"ಬಾವ, ಯಾರೋ ಸ್ಪ್ರಿಂಗು ಕದ್ದಿದ್ದಾರೆ!"

ಅವನೂ ನುಸುಳಿ ಬಂದ. ಸ್ವಲ್ಪ ಹೊತ್ತು ಇಬ್ಬರೂ ಮಲಗಿ ಮೇಲೆ ನೋಡಿದೆವು. ಆಮೇಲೆ ಅವನು ಮೆಲ್ಲಗೆ, "ಬಾವ, ನೀವು ತರಿಸಿದ್ದು 2020ರ ಹೊಸ ಥಾರಿನದ್ದು. ನಿಮ್ಮದು ಹಳೇದು. ಇದಕ್ಕೆ ಮುಂದೆ ಸುರುಳಿ ಸ್ಪ್ರಿಂಗೇ ಇಲ್ಲ. ಈ ಸರಳೇ ಸ್ಪ್ರಿಂಗು" ಎಂದು ಚಾಸಿಯ ಉದ್ದಕ್ಕೆ ಮಲಗಿದ್ದ ಕಬ್ಬಿಣದ ಸರಳೊಂದನ್ನು ತಟ್ಟಿ ತೋರಿಸಿದ.

ಅದಕ್ಕೆ ಟಾರ್ಷನ್ ಬಾರ್ ಎಂದು ಹೆಸರು. ಸರಳಿನ ಒಂದು ತುದಿ ಚಕ್ರದ ತೋಳಿಗೆ, ಇನ್ನೊಂದು ಚಾಸಿಗೆ. ಚಕ್ರ ಹಂಪು ಹತ್ತಿದಾಗಲೆಲ್ಲ ಒದ್ದೆ ಬಟ್ಟೆ ಹಿಂಡಿದ ಹಾಗೆ ಸರಳು ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. 1934ರಲ್ಲೇ ಫ್ರಾನ್ಸಿನ ಸಿಟ್ರೊಯೆನ್ ಕಾರಿನಲ್ಲಿ ಇದು ಇತ್ತಂತೆ. ಎಂಟು ವರ್ಷ ನಾನು ಅದರ ಮೇಲೆ ಕೂತು ಚಾರ್ಮಾಡಿ ಹತ್ತಿ ಇಳಿದಿದ್ದೆ; ಪರಿಚಯವಾದದ್ದು ಅಂದೇ. ಚಾಸಿಯ ಕಡೆಯ ತುದಿಯಲ್ಲೊಂದು ಬೋಲ್ಟು ಉಂಟು. ಅದನ್ನು ಬಿಗಿ ಮಾಡಿದರೆ ಮುಂಬದಿ ಏಳುತ್ತದೆ. ಅಂದರೆ ಕಿಟ್ಟೇ ಬೇಕಿರಲಿಲ್ಲ. (ಆ ಬಿಲ್ಲೆಗಳು ಈಗ ಅಡುಗೆಮನೆಯಲ್ಲಿವೆ. ಅಮ್ಮ ಉಪ್ಪಿನಕಾಯಿ ಭರಣಿಗೆ ಸಿಂಬಿ ಮಾಡಿಕೊಂಡಿದ್ದಾರೆ. ಇಷ್ಟು ಗಟ್ಟಿ ಸಿಂಬಿ ತಾನು ಕಂಡೇ ಇಲ್ಲ ಎನ್ನುತ್ತಾರೆ. ಬೆಲೆ ಕೇಳಿಲ್ಲ.)

ಬೋಲ್ಟಿಗೆ ಸ್ಪ್ಯಾನರು ಬೇಕು. ನನ್ನ ಸೆಟ್ಟಿನಲ್ಲಿ ಆ ಒಂದು ಸೈಜು ಬಿಟ್ಟು ಉಳಿದೆಲ್ಲ ಇತ್ತು. ಗಾಡಿಯನ್ನು ಜಾಕಿಗೆ ಏರಿಸಿ, ಜಾಕು ಕೈಕೊಟ್ಟರೆ ಇರಲಿ ಎಂದು ಚಾಸಿಯ ಅಡಿಗೆ ಒಂದು ಮುರಕಲ್ಲು ಕೊಟ್ಟು, ನೆರೆಮನೆಗೆ ಸ್ಪ್ಯಾನರು ಕೇಳಲು ಹೊರಟೆ. ಮುರಕಲ್ಲೆಂದರೆ ನಮಗೆಲ್ಲ ಮಹಾ ಭರವಸೆ. ಫ್ರಾನ್ಸಿಸ್ ಬುಕಾನನ್ ಎಂಬಾತ ಮಲಬಾರಿನಲ್ಲಿ ಇದನ್ನು ನೋಡಿ, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದಕ್ಕೆ ಬೆರಗಾಗಿ, 1807ರ ತನ್ನ ಪುಸ್ತಕದಲ್ಲಿ ಲ್ಯಾಟಿನ್ನಿನ ಇಟ್ಟಿಗೆಯ ಹೆಸರಿನಿಂದ ಲ್ಯಾಟರೈಟ್ ಎಂದು ಕರೆದ. ಅವನು ಅದರ ಮೇಲೆ ಜೀಪು ನಿಲ್ಲಿಸಿ ನೋಡಿರಲಿಲ್ಲ. ನಾನು ಗೇಟು ದಾಟುವಷ್ಟರಲ್ಲಿ ಹಿಂದೆ 'ಕರ್' ಎಂದಿತು. ಗಾಡಿ ಗೇಟಿನ ಕಡೆಗೆ ಒಂದು ಗೇಣು ಜಾರಿ, ಜಾಕು ಮಗುಚಿ, ಮುರಕಲ್ಲು ಕೆಂಪು ಹುಡಿಯಾಗಿ ಹರಡಿತ್ತು. ಪುಣ್ಯಕ್ಕೆ ಬಾವ ಒಳಗೆ ಗೋಳಿಬಜೆ ತಿನ್ನಲು ಹೋಗಿದ್ದ. ಅವನ ಪ್ರಾಣ ಉಳಿಸಿದ್ದು ಗೋಳಿಬಜೆ, ನಾನಲ್ಲ.

ಗಾಡಿ ಯಾಕೆ ಗೇಟಿನ ಕಡೆಗೇ ಜಾರಿತು ಎಂದು ಕೇಳಿಕೊಳ್ಳುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ.

ನೆರೆಮನೆಯ ಪೊರ್ಬುಗಳು ಗಲ್ಫಿನಲ್ಲಿ ಬಹಳ ವರ್ಷ ವರ್ಕ್‌ಶಾಪಿನಲ್ಲಿದ್ದು ಬಂದವರು. ಸ್ಪ್ಯಾನರಿನ ಜೊತೆಗೆ ಸರಿಯಾದ ಎರಡು ಸ್ಟ್ಯಾಂಡುಗಳನ್ನೂ, ಚಕ್ರಕ್ಕೆ ಕೊಡುವ ಮರದ ಅಡೆಯನ್ನೂ ಕೊಟ್ಟರು. "ಎಷ್ಟು ಸುತ್ತು ತಿರುಗಿಸಿದ್ರಿ ಅಂತ ಬರ್ದಿಟ್ಕೊಳ್ಳಿ, ಆಯ್ತಾ?" ಎಂದರು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಡಗಡೆ ಆರು ಸುತ್ತು ತಿರುಗಿಸಿದೆ, ಬರೆದಿಟ್ಟೆ. ಬಲಗಡೆಯದ್ದು ತಿರುಗಿಸುವಾಗ ಚಾ ಬಂತು. ಐದೋ ಏಳೋ ಆಯಿತು.

ಸಂಜೆ ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಎರಡು ಗೆರೆಗಳ ನಡುವೆ ಮದುಮಗಳಂತೆ ಕೂತಿತ್ತು. ಫೋಟೊ ತೆಗೆದು ಕುಟುಂಬದ ವಾಟ್ಸಾಪಿಗೆ ಹಾಕಿದೆ.

ರಾತ್ರಿ ಗುರುಪುರದ ಕಡೆಗೆ ಒಂದು ಸುತ್ತು ಹೊರಟೆವು. ಗೇಟು ದಾಟಿ ರಸ್ತೆಗೆ ಬಂದ ಕೂಡಲೇ ಗಾಡಿ ಯಾಕೋ ಆಕಾಶ ನೋಡುತ್ತಿದೆ ಅನ್ನಿಸಿತು. ಹೆಡ್‌ಲೈಟು ರಸ್ತೆಯನ್ನು ಬಿಟ್ಟು ತೆಂಗಿನ ಮರಗಳ ಮೇಲೆ ಬೀಳುತ್ತಿತ್ತು; ಗೊನೆಯಲ್ಲಿ ಎಷ್ಟು ಎಳನೀರು ಎಂದು ಎಣಿಸಬಹುದಿತ್ತು. ಎದುರಿನಿಂದ ಬಂದ ಮೂಡುಬಿದಿರೆ ಬಸ್ಸಿನವನು ಲೈಟು ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಕಿಟಕಿಯಿಂದ ತಲೆ ಹೊರಹಾಕಿ ತುಳುವಿನಲ್ಲಿ ನನ್ನ ವಂಶದ ಬಗ್ಗೆ ಒಂದು ಮಾತು ಹೇಳಿ ಹೋದ. ಹಂಪು ದಾಟಿದಾಗಲೆಲ್ಲ ಮುಂದೆ 'ಟಕ್' ಎನ್ನುತ್ತಿತ್ತು. ಬೋಲ್ಟು ಬಿಗಿದರೆ ಸ್ಪ್ರಿಂಗು ಗಟ್ಟಿಯಾಗುವುದಿಲ್ಲ, ಚಕ್ರ ಕೆಳಗಿಳಿಯಲು ಇರುವ ಜಾಗ ಕಡಿಮೆಯಾಗುತ್ತದೆ, ಅದಕ್ಕೇ ಆ ಸದ್ದು ಎಂಬುದು ನನಗೆ ತಿಳಿದದ್ದು ಮಾರನೆಯ ದಿನ. ಆಗ ಮಾತ್ರ "ಹೊಸತಲ್ಲವಾ, ಕೂರಬೇಕು" ಎಂದೆ. ಹೆಂಡತಿ ಕಿಟಕಿಯ ಹೊರಗೆ ಎಳನೀರು ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ರಸಮಟ್ಟ ಕೇಳಿಕೊಂಡು ಬಂದ. ಪೊರ್ಬುಗಳೂ ಸ್ಟ್ಯಾಂಡಿಗೆ ಬಂದರು. ಅವರು ಬಂದವರೇ ಟೇಪು ಹಿಡಿದು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಹಿಂದೆ ಮುಂದೆ ಅಳೆದು ಹುಬ್ಬು ಗಂಟಿಕ್ಕಿದರು. "ಹೀಗಲ್ವಾ ಅಳೆಯುದು? ನೀವು ಎಂತದ್ರಲ್ಲಿ ನೋಡಿದ್ದು?"

ನಾನು ರಸಮಟ್ಟ ತೋರಿಸಿದೆ. ಮೇಸ್ತ್ರಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಹೆಗಲ ಬೈರಾಸಿನಿಂದ ಗ್ರೀಸು ಒರೆಸಿ, ಏನೂ ಹೇಳದೆ ಮುಂಚಕ್ರದ ಪಕ್ಕ ಇಂಟರ್‌ಲಾಕಿನ ಮೇಲೆ ಇಟ್ಟ. ಗುಳ್ಳೆ ಒಂದು ಕ್ಷಣ ಯೋಚಿಸಿ ಮನೆಯ ಕಡೆಗೆ ಹೊರಟಿತು. ಗೆರೆ ದಾಟಿ ಮೂಲೆಯಲ್ಲಿ ಕೂತಿತು. ಹಿಂದಿನ ವಾರ ಗಾಡಿಯ ಮೇಲಿಟ್ಟಾಗ ಕೂತಿದ್ದ ಅದೇ ಜಾಗದಲ್ಲಿ.

"ಎಂಟು ಅಡಿಗೆ ಎರಡು ಇಂಚು ಇಳಿಜಾರು" ಎಂದ ಮೇಸ್ತ್ರಿ. "ನೀವೇ ಹೇಳಿದ್ದಲ್ವಾ ಧಣಿ? ಜಗಲಿಗೆ ಮಳೆನೀರು ಬರ್ತದೆ, ಗೇಟಿನ ಕಡೆಗೆ ಓಟ ಕೊಡು ಅಂತ. ನಾನು ಒಂದು ಇಂಚು ಸಾಕು ಅಂದಿದ್ದೆ."

ಹಳೆಯ ಥಾರಿನ ಮುಂದಿನ ಹಿಂದಿನ ಚಕ್ರಗಳ ನಡುವೆ 2430 ಮಿಲಿಮೀಟರ್. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಎಂಟು ಅಡಿ. ನಾನು ಇಡೀ ಭಾನುವಾರ ಬೆವರಿಳಿಸಿ ಎತ್ತಿದ್ದು ಸರಿಯಾಗಿ ಎರಡು ಇಂಚು. ಅಷ್ಟು ನಿಖರವಾದ ಕೆಲಸ ಜೀವಮಾನದಲ್ಲಿ ಇನ್ನೊಂದು ಮಾಡಿಲ್ಲ.

ವೀಲ್ ಅಲೈನ್‌ಮೆಂಟಿನ ಹುಡುಗ ಗಾಡಿಯ ಅಡಿ ನೋಡಿ ತನ್ನ ಜೊತೆಗಾರರನ್ನೆಲ್ಲ ಕರೆದ. ಬೋಲ್ಟುಗಳನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಎಡಗಡೆ ಎಷ್ಟು ಎಂಬುದಕ್ಕೆ ನನ್ನಲ್ಲಿ ಲಿಖಿತ ದಾಖಲೆಯಿತ್ತು. ಬಲಗಡೆಗೆ ಅವನೇ ಟೇಪು ಹಿಡಿದು ಮುಕ್ಕಾಲು ಗಂಟೆ ಕೂತ.

ಮನೆಗೆ ಬಂದರೆ ಅಮ್ಮ ಜಗಲಿಯಲ್ಲಿ ಮಾವಿನ ಮಿಡಿ ಒರೆಸುತ್ತಿದ್ದರು. ಎಲ್ಲ ಕೇಳಿ, "ಅಲ್ಲ ಮಗ, ಮೂಗು ಮನೆಯ ಕಡೆಗೆ ಮಾಡಿ ನಿಲ್ಲಿಸಿದ್ರೆ ಆಗ್ತಿತ್ತಲ್ಲ?" ಎಂದರು.

ಈಗ ಹಾಗೇ ನಿಲ್ಲಿಸುತ್ತೇನೆ. ಹಿಂಬದಿ ಸ್ವಲ್ಪ ತಗ್ಗಿದಂತೆ ಕಾಣುತ್ತದೆ.