ಗುಜರಿ ಹೋರಿಗೆ ಎಷ್ಟು ಹಲ್ಲು?

ಕಬ್ಬಿಣಕ್ಕೆ ಒಡೆಯ ಶನಿ ಮಹಾತ್ಮ. ಆ ಒಡೆಯನೇ ತೇನಿ ಜಿಲ್ಲೆಯ ಕುಚ್ಚನೂರಿನಲ್ಲಿ ಸ್ವಯಂಭುವಾಗಿ ನೆಲೆನಿಂತಿದ್ದಾನೆ. ಅವನ ಮೂಗಿನ ಕೆಳಗೇ ಕೂತು ಒಬ್ಬ ಮನುಷ್ಯ ಹಳೇ ಕಬ್ಬಿಣದ ಗೊಂಬೆ ಮಾಡಿ ಮಾರುತ್ತೇನೆ ಅಂದರೆ ಅವನ ಎದೆಗಾರಿಕೆಯನ್ನು ಮೆಚ್ಚಲೇಬೇಕು. ಕೊಳ್ಳುವವರಿಗೆ ಪುರುಸೊತ್ತು ಸಿಗುವುದು ಶನಿವಾರ. ಶನಿವಾರ ಕಬ್ಬಿಣವನ್ನು ಮನೆಗೆ ತರಬಾರದು. ಭಾನುವಾರ ತರಬಹುದು, ಆದರೆ ಅವತ್ತು ಮಟನ್ ತರಬೇಕು, ಎರಡಕ್ಕೂ ಜೇಬು ಒಂದೇ. ಉಳಿದ ದಿನ ಎಲ್ಲರಿಗೂ ಕೆಲಸ. ಪಂಚಾಂಗವೇ ಹೀಗೆ ಅಡ್ಡ ಮಲಗಿದ ವ್ಯಾಪಾರ ಇನ್ನೊಂದಿರಲಾರದು.

ಕಂಬಂ ಊರಿನ ನಮ್ಮ ಗೌಡರು ಇಳಿದದ್ದು ಈ ವ್ಯಾಪಾರಕ್ಕೆ. ವ್ಯಾಪಾರ ಅಂದರೆ ಅವರಿಗೆ ಸಿಟ್ಟು, ಹವ್ಯಾಸ ಅನ್ನಬೇಕು. ಹವ್ಯಾಸ ಅಂದರೆ ಅವರ ಮನೆಯವರಿಗೆ ಸಿಟ್ಟು; ಖರ್ಚು ಅನ್ನಬೇಕು. ತಮಿಳುನಾಡಿನ ಆ ಮೂಲೆಯಲ್ಲಿ ಕನ್ನಡದ ಗೌಡರೆಲ್ಲಿಂದ ಬಂದರು ಎಂದು ಹುಬ್ಬೇರಿಸಬೇಡಿ. ಕಂಬಂ ಕಣಿವೆಯ ಕಾಪ್ಪಿಲಿಯರ್ ಒಕ್ಕಲಿಗರು ತಲೆಮಾರುಗಳಿಂದ ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು ಆಡಿಕೊಂಡು ಬಂದವರು. ದಿಂಡಿಗಲ್ ಕಡೆಯ ಅನುಪ್ಪರದೂ ಅದೇ ಕತೆ. ಹೀಗಾಗಿ ನಮ್ಮ ಗೌಡರು ಗಿರಾಕಿಯ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡಿ, ಗಿರಾಕಿ ಹೋದಮೇಲೆ ಕನ್ನಡದಲ್ಲಿ ಬಯ್ಯುತ್ತಾರೆ. ಎರಡು ಭಾಷೆ ಗೊತ್ತಿದ್ದರೆ ಇಷ್ಟಾದರೂ ಉಪಯೋಗ ಬೇಡವೇ?

ಅವರ ನಿಜವಾದ ಕಸುಬು ದ್ರಾಕ್ಷಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರ್ ದ್ರಾಕ್ಷಿಯೇ. ದ್ರಾಕ್ಷಿಗೆ ಚಪ್ಪರ ಬೇಕು, ಚಪ್ಪರಕ್ಕೆ ಕಂಬ, ತಂತಿ, ಆಂಗಲ್ಲು ಬೇಕು, ಅದು ಮುರಿದರೆ ವೆಲ್ಡಿಂಗಿನವನು ಬೇಕು, ಅವನು ಯಾವತ್ತೂ 'ನಾಳೆ ಬರ್ತೀನಿ' ಅನ್ನುತ್ತಾನೆ. ಈ 'ನಾಳೆ'ಗೆ ರೋಸಿ ಗೌಡರೇ ಒಂದು ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಮಷೀನು ತಂದರು. ಮನೆಯ ಕರೆಂಟಿಗೇ ಓಡುತ್ತದೆ, ಹೆಗಲಿಗೆ ನೇತುಹಾಕಿಕೊಂಡು ತೋಟಕ್ಕೂ ಒಯ್ಯಬಹುದು. ಚಪ್ಪರ ಒಂದು ವಾರದಲ್ಲಿ ನೆಟ್ಟಗಾಯಿತು. ಮಷೀನು ಮಾತ್ರ ಕೈ ಬಿಡಲಿಲ್ಲ. ಮುರಿದ ಸ್ಪ್ಯಾನರಿಗೆ ಎರಡು ನಟ್ಟು ಅಂಟಿಸಿದರು, ಅದು ಕೊಕ್ಕರೆಯಾಗಿ ಕಂಡಿತು. ಅಲ್ಲಿಗೆ ಮುಗಿಯಿತು. ಅಂದಿನಿಂದ ಅವರ ಮನೆಯ ಗೇಟು ಒಂದೇ ಕೀಲಿನ ಮೇಲೆ ತೂಗುತ್ತಿದೆ. 'ಊರಿಗೆಲ್ಲ ನವಿಲು ಮಾಡ್ತಾರೆ, ಮನೆ ಗೇಟಿಗೊಂದು ಟ್ಯಾಕ್ ಹಾಕೋಕೆ ಕೈ ಬರಲ್ಲ' ಎಂಬುದು ಮನೆಯವರ ದಿನನಿತ್ಯದ ಸುಪ್ರಭಾತ. ಗೌಡರ ಉತ್ತರ: 'ಗೇಟು ಕಲೆ ಅಲ್ಲ ಕಣೇ.'

ಇನ್ನು ಕಚ್ಚಾ ಮಾಲಿನ ಮಾತು. ನಮ್ಮಲ್ಲಿ ಗುಜರಿ ಅಂಗಡಿ, ಅಲ್ಲಿ ಕಾಯಲಾನ್ ಕಡೈ. ಕಣಿವೆಯ ಚರಿತ್ರೆ ಓದಬೇಕೆಂದರೆ ಗೌಡರು ಕೈಹಿಡಿದು ಕರೆದೊಯ್ಯುವುದು ಅಲ್ಲಿಗೆ. ಏಲಕ್ಕಿ ತೋಟಕ್ಕೆ ಆಳುಗಳನ್ನು ತುಂಬಿಕೊಂಡು ಕುಮಿಳಿ ಘಟ್ಟ ಹತ್ತಿ ಹತ್ತಿ ಸೊಂಟ ಬಿದ್ದ ಜೀಪುಗಳ ಪಟ್ಟಿ ಸ್ಪ್ರಿಂಗು, ಬಾಗಿಲು ಮುಚ್ಚಿದ ನೂಲಿನ ಗಿರಣಿಗಳ ಕದಿರು ಮತ್ತು ಗಿಯರು, ಬಾವಿ ಬತ್ತಿದ ಮೇಲೆ ಮೇಲೆತ್ತಿದ ಪಂಪು, ಸವೆದ ಕುಡುಗೋಲು, ಟಿವಿಎಸ್ ಮೊಪೆಡ್ಡಿನ ಚೈನು ಎಲ್ಲವೂ ಅಲ್ಲಿ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಈ ಕಣಿವೆ ಒಮ್ಮೆ ರೈಲುಹಳಿಯನ್ನೇ ಗುಜರಿಗೆ ಹಾಕಿದ್ದುಂಟು. ಮದುರೆಯಿಂದ ಬೋಡಿನಾಯಕನೂರಿಗೆ 1928ರಲ್ಲಿ ರೈಲು ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಉಕ್ಕು ಬೇಕೆಂದು ಹಳಿಯನ್ನೇ ಕಿತ್ತರು. ಯುದ್ಧ ಮುಗಿದು ವರ್ಷಗಳಾದ ಮೇಲೆ ಮತ್ತೆ ಹಾಕಿದರು. ಅದನ್ನೂ 2010ರ ಕೊನೆಗೆ ಬ್ರಾಡ್‌ಗೇಜ್ ಮಾಡಲೆಂದು ನಿಲ್ಲಿಸಿ, ಬೋಡಿಯವರೆಗೆ ಮತ್ತೆ ರೈಲು ಬಿಟ್ಟದ್ದು 2023ರಲ್ಲಿ. 'ಸರ್ಕಾರವೇ ಕಿತ್ತು ಕಿತ್ತು ಜೋಡಿಸುವಾಗ ನಾನು ಮಾಡಿದರೆ ಹುಚ್ಚೇ?' ಎಂಬುದು ಗೌಡರ ವಾದ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ.

ಬೀಗದ ಕೈ ಬೇಕಾದರೆ ಮಾತ್ರ ಅವರು ದಿಂಡಿಗಲ್ಲಿಗೇ ಹೋಗಬೇಕು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಅಲ್ಲಿನ ಬೀಗಕ್ಕೆ. ಮಾವಿನಕಾಯಿ ಆಕಾರದ ಬೀಗ, ದೇವಸ್ಥಾನದ ಬಾಗಿಲಿಗೆ ಹಾಕುವ ಭಾರೀ ಬೀಗ, ಎಲ್ಲವನ್ನೂ ಕೈಯಲ್ಲೇ ಅರ ಹಿಡಿದು ಉಜ್ಜಿ ಮಾಡುವ ಕಸುಬುದಾರರ ಊರು. ದಿಂಡಿಗಲ್ಲಿನ ಹೆಸರೆತ್ತಿದರೆ ಗೌಡರು ಎದೆ ಸೆಟೆಸಿ ಹೈದರಾಲಿಯನ್ನೂ ಎಳೆದು ತರುತ್ತಾರೆ. ಹೈದರ್ 1755ರಲ್ಲಿ ಅಲ್ಲಿಗೆ ಮೈಸೂರಿನ ಫೌಜುದಾರನಾಗಿ ಹೋಗಿ, ಫ್ರೆಂಚ್ ಕೆಲಸಗಾರರನ್ನು ಇಟ್ಟುಕೊಂಡು ಫಿರಂಗಿ ಕಾರ್ಖಾನೆ ತೆರೆದಿದ್ದ. 'ಕನ್ನಡನಾಡಿನಿಂದ ಬಂದು ಇಲ್ಲಿ ಕಬ್ಬಿಣದ ಕೆಲಸ ಮಾಡಿಸಿದವರಲ್ಲಿ ಹೈದರ್ ಮೊದಲನೆಯವನು, ನಾನು ಎರಡನೆಯವನು' ಎನ್ನುತ್ತಾರೆ. ನಡುವಿನ ಎರಡೂವರೆ ಶತಮಾನದವರನ್ನೆಲ್ಲ ಹೀಗೆ ಒಂದೇ ಉಸಿರಿಗೆ ಒರೆಸಿಹಾಕುವ ಧೈರ್ಯ ಕಲಾವಿದರಿಗೆ ಮಾತ್ರ ಇರುತ್ತದೆ. ಇರಲಿ. ಕೂಡದ ಬೀಗದ ಕೈಗಳನ್ನೆಲ್ಲ ತಂದು ಅವರು ಮಾಡಿದ ನವಿಲಿನ ಗರಿ ಮಾತ್ರ ಚೆನ್ನಾಗಿದೆ. ಕೈಯ ತಲೆಯ ಬಳೆಯಲ್ಲಿ ಕಣ್ಣು ತಾನೇತಾನಾಗಿ ಮೂಡಿದೆ.

ಕೆಲಸ ನೋಡಲು ನಾನೂ ಹೋಗಿ ಕೂತದ್ದುಂಟು. ದೂರದಲ್ಲಿ ಕೂರಿಸುತ್ತಾರೆ, ಕಪ್ಪು ಗಾಜಿಲ್ಲದೆ ಕಿಡಿಯತ್ತ ನೋಡಬಾರದು. ನೋಡಿದವನಿಗೆ ಆಗ ಏನೂ ಆಗುವುದಿಲ್ಲ. ಅರ್ಧರಾತ್ರಿಗೆ ಎದ್ದು ಕಣ್ಣು ಬಿಡಲಾಗದೆ ಉರಿ ಉರಿ ಎನ್ನುತ್ತಾನೆ. ಎರಡೂವರೆ ಎಂಎಂ ರಾಡು ಸಿಕ್ಕಿಸಿ, ಆಂಪಿಯರ್ ಎಪ್ಪತ್ತೆಂಬತ್ತಕ್ಕೆ ಇಟ್ಟು, ಮೊದಲು ಅಲ್ಲಲ್ಲಿ ಟ್ಯಾಕ್ ಹಾಕುತ್ತಾರೆ. ಎದ್ದು ನಿಂತು ನೋಡುತ್ತಾರೆ. ಕಾಲು ಸೊಟ್ಟ ಕಂಡರೆ ಸುತ್ತಿಗೆಯಲ್ಲಿ ಒಂದು ಕೊಟ್ಟು ಕಳಚಿ ಮತ್ತೆ ಹಚ್ಚುತ್ತಾರೆ. ಕೂತ ಮೇಲೆ ಪೂರ್ತಿ ಬೆಸುಗೆ, ಸ್ಲ್ಯಾಗ್ ಕೆರೆಯುವುದು, ಗ್ರೈಂಡರ್ ಹಿಡಿಯುವುದು. ನಿಯಮಗಳೂ ಇವೆ. ಎರಕದ ಕಬ್ಬಿಣಕ್ಕೆ ಮಾಮೂಲಿ ರಾಡು ಹಾಕಿದರೆ ತಣ್ಣಗಾಗುವಾಗ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಅದಕ್ಕೆ ನಿಕ್ಕಲ್ ರಾಡೇ ಬೇಕು. ಬೇರಿಂಗಿನ ಗುಂಡು ಮಹಾ ಗರ್ವಿ, ಅಂಟಿದ ಹಾಗೆ ಮಾಡಿ ಉದುರುತ್ತದೆ. ಜಿಐ ಪೈಪಿನ ಮೇಲಿನ ಸತು ಉರಿದು ಎದ್ದ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ. ಬೈಕಿನ ಶಾಕ್ ಅಬ್ಸಾರ್ಬರು, ಪೆಟ್ರೋಲ್ ಟ್ಯಾಂಕು ಇವಕ್ಕೆ ಕಿಡಿ ತಾಗಿಸುವುದೆಂದರೆ ಕುಚ್ಚನೂರಿನ ಒಡೆಯನಿಗೆ ನೇರ ಅರ್ಜಿ ಹಾಕಿದಂತೆ. ಇಷ್ಟೆಲ್ಲ ಗೊತ್ತಿದ್ದೂ ಗೌಡರು ಲುಂಗಿ ಉಟ್ಟು ವೆಲ್ಡಿಂಗ್ ಮಾಡುತ್ತಿದ್ದರು. ಒಂದು ದಿನ ಕಿಡಿ ಲುಂಗಿಯ ಒಳಕ್ಕೆ ಹೋಯಿತು. ಮರುದಿನದಿಂದ ಜೀನ್ಸ್ ಪ್ಯಾಂಟು.

ಮಾಡುವ ಕಷ್ಟ ಇಷ್ಟೇ. ಮಾರುವ ಕಷ್ಟ ಕೇಳಿ. ಬಂದವರೆಲ್ಲ ನವಿಲಿನ ಸುತ್ತ ಒಂದು ಸುತ್ತು ಹಾಕುತ್ತಾರೆ, ತಲೆದೂಗುತ್ತಾರೆ, ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ, ಮಗುವನ್ನು ಪಕ್ಕ ನಿಲ್ಲಿಸಿ ಇನ್ನೊಂದು ಹಿಡಿಯುತ್ತಾರೆ, ಆಮೇಲೆ ಒಂದೇ ಪ್ರಶ್ನೆ: 'ಕಿಲೋ ಎವ್ಳೋಣ್ಣೇ?' ಕಿಲೋ ಎಷ್ಟಣ್ಣಾ, ಅಂತ.

ತಪ್ಪು ಅವರದ್ದೂ ಅಲ್ಲ. ಆ ಕಣಿವೆಯಲ್ಲಿ ತೂಗದೆ ಮಾರುವ ವಸ್ತುವೇ ಇಲ್ಲ. ಬೋಡಿಯಲ್ಲಿ ಏಲಕ್ಕಿ ಹರಾಜಾಗುವುದು ಕಿಲೋ ಲೆಕ್ಕ, ದ್ರಾಕ್ಷಿ ಕಿಲೋ ಲೆಕ್ಕ, ಹತ್ತಿ, ನೂಲು, ಕಾಫಿಬೀಜ ಎಲ್ಲ ಕಿಲೋ ಲೆಕ್ಕ. ಗೌಡರೇ ಗುಜರಿಯಿಂದ ತಂದದ್ದೂ ಕಿಲೋ ಲೆಕ್ಕದಲ್ಲೇ. ಮೇಲಾಗಿ ಅವರಿಗೊಂದು ಚಟ. ಗಿರಾಕಿ ಬಂದ ಕೂಡಲೇ, 'ಇದು ನೋಡಿ, ಬುಲೆಟ್ಟಿನ ಚೈನು. ಇದು ಜೀಪಿನ ಕ್ಲಚ್ ಪ್ಲೇಟು. ಕೊಕ್ಕು ಕುಡುಗೋಲು' ಎಂದು ಬಿಡಿಬಿಡಿಯಾಗಿ ವರ್ಣಿಸುತ್ತಾರೆ. ಗಿರಾಕಿ ಒಳಗೊಳಗೇ ಕೂಡಿಸುತ್ತಾನೆ: ಚೈನು ಒಂದು ಕಿಲೋ, ಪ್ಲೇಟು ಎರಡು, ಕುಡುಗೋಲು ಅರ್ಧ. ಒಟ್ಟು ನೂರು ರೂಪಾಯಿ ಚಿಲ್ಲರೆ, ಕೂಲಿ ಅಂತ ಇನ್ನೊಂದು ಇನ್ನೂರು ಇಟ್ಟುಕೊಳ್ಳಲಿ. ಗೌಡರು 'ಎಂಟು ಸಾವಿರ' ಅಂದಾಗ ಅವನು ನವಿಲನ್ನು ಬಿಟ್ಟು ಗೌಡರನ್ನೇ ಒಂದು ಸುತ್ತು ಹಾಕಿ ನೋಡುತ್ತಾನೆ.

ಲೋಕದ ರೂಢಿಯೇ ಇದು ಬಿಡಿ. ದೆಹಲಿಯ ಸರಾಯ್ ಕಾಲೇ ಖಾನ್‌ನಲ್ಲಿ 2019ರಲ್ಲಿ ಗುಜರಿಯಿಂದಲೇ ಜಗತ್ತಿನ ಏಳು ಅದ್ಭುತಗಳನ್ನು ನಿಲ್ಲಿಸಿದರು. ತಾಜಮಹಲಿನ ಗುಮ್ಮಟ ಹೇಗೆ ಬಂದಿದೆ ಎಂದು ಹೇಳಿದವರು ಕಡಿಮೆ, 150 ಟನ್ ಗುಜರಿ ಹಿಡಿಯಿತಂತೆ ಎಂದವರೇ ಎಲ್ಲ. ಆಂಧ್ರದ ತೆನಾಲಿಯಲ್ಲಿ ಕಾಟೂರಿ ವೆಂಕಟೇಶ್ವರ ರಾವ್ ತಮ್ಮ ಮಗನ ಜೊತೆ ಸೇರಿ ಗುಜರಿ ಕಬ್ಬಿಣದಿಂದಲೇ 14 ಅಡಿಯ ಪ್ರಧಾನಿ ಮೋದಿಯವರನ್ನು ನಿಲ್ಲಿಸಿದಾಗಲೂ ಜನ ಮೊದಲು ಕೇಳಿದ್ದು ಎಷ್ಟು ಟನ್ನು ಎಂದೇ ಇರಬೇಕು. ಪ್ಯಾರಿಸ್ಸಿನಲ್ಲಿ ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ ಸೇರಿಸಿ ಹೋರಿಯ ತಲೆ ಮಾಡಿದ. ಗುಜರಿಯವನು ತೂಗಿದ್ದರೆ ಒಂದು ಟೀ ಕುಡಿಯುವ ಕಾಸು ಬರುತ್ತಿತ್ತು. ಪಿಕಾಸೊಗೆ ಕಬ್ಬಿಣದ ಕೆಲಸ ಕಲಿಸಿದ ಹೂಲಿಯೊ ಗೊನ್ಸಾಲೆಸ್ ಬೆಸುಗೆ ಕಲಿತದ್ದು ರೆನೋ ಕಾರಿನ ಕಾರ್ಖಾನೆಯಲ್ಲಿ. ಕಸುಬು ವರ್ಕ್‌ಶಾಪಿನದು, ಹೆಸರು ಮ್ಯೂಸಿಯಮ್ಮಿನದು. ಇದನ್ನೆಲ್ಲ ಗೌಡರಿಗೆ ಹೇಳಿದೆ. 'ಆ ಹೋರಿಗೆ ಹಿಣಿಲು ಇದೆಯಾ?' ಎಂದರು. ತಲೆ ಮಾತ್ರ ಎಂದೆ. 'ಹಾಗಾದರೆ ಬಚಾವಾದ' ಎಂದರು.

ಆ ಮಾತಿಗೆ ಹಿನ್ನೆಲೆಯಿದೆ. ಗೌಡರು ತಾವೂ ಒಂದು ಹೋರಿ ಮಾಡಿದ್ದರು, ಆಳೆತ್ತರದ್ದು. ಜೀಪಿನ ಸ್ಪ್ರಿಂಗು ಬೆನ್ನು, ಬೈಕಿನ ಸೈಲೆನ್ಸರು ಕೊಂಬು, ಚೈನಿನ ಗಂಗೆದೊಗಲು. ಆದರೆ ಹೋರಿ ಮಾಡಿದ ಜಾಗ ಯಾವುದು ನೋಡಿ. ಕಂಬಂನ ಕಾಪ್ಪಿಲಿಯರಿಗೆ ದೇವರೇ ದನದ ರೂಪ. ನಂದಗೋಪಾಲ ತಂಬಿರಾನಿನ ದೊಡ್ಡಿಯಲ್ಲಿ ದೇವರ ಹಿಂಡಿದೆ. ಆ ಹಿಂಡಿನ ರಾಜ ಪಟ್ಟದ ಆವು. ರಾಜ ಸತ್ತರೆ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಟ್ಟು, ಮೊದಲು ಬಾಯಿ ಹಾಕಿದ ಹೋರಿಗೇ ಪಟ್ಟ ಕಟ್ಟುತ್ತಿದ್ದರೆಂದು ಥರ್ಸ್ಟನ್ ದೊರೆ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗೆಗಿನ ತನ್ನ 1909ರ ಪುಸ್ತಕದಲ್ಲೇ ಬರೆದಿಟ್ಟಿದ್ದಾನೆ. ಹೋರಿಯೇ ತನ್ನ ರಾಜನನ್ನು ಆರಿಸಿಕೊಂಡ ಊರಿನಲ್ಲಿ ವಿಮರ್ಶಕರಿಗೆ ಬರವೇ? ಅದರ ಮೇಲೆ ಜಲ್ಲಿಕಟ್ಟಿನ ಸೀಮೆ ಬೇರೆ. ನವಿಲು, ಕೊಕ್ಕರೆ ಮಾಡಿದಾಗ ಸುಮ್ಮನಿದ್ದವರೆಲ್ಲ ಹೋರಿಯ ಮುಂದೆ ತಜ್ಞರಾದರು. ಒಬ್ಬರು ಹಿಣಿಲು ಸಾಲದು ಎಂದರು. ಇನ್ನೊಬ್ಬರು ಹಣೆಯ ಸುಳಿ ಎಲ್ಲಿ ಎಂದು ಕೇಳಿದರು. ಗೌಡರು ಒಂದು ವಾಷರು ಅಂಟಿಸಿದರು. ಮೂರನೆಯವರು ಸುಳಿ ಎರಡು ಬೆರಳು ಕೆಳಗಾಯಿತು, ಇಂಥದ್ದನ್ನು ಕಟ್ಟಿದ ಮನೆ ಉದ್ಧಾರವಾಗದು ಎಂದರು. ವಾಷರು ಮೇಲೆ ಹೋಯಿತು. ಎಂಬತ್ತು ದಾಟಿದ ಅಜ್ಜರೊಬ್ಬರು ಹೋರಿಯ ಬಾಯಿಗೇ ಕೈ ಹಾಕಿ, 'ಎಷ್ಟು ಹಲ್ಲು?' ಎಂದರು. ಗೌಡರು ಬಾಯಿ ತೆರೆದೇ ಮಾಡಿದ್ದರು, ಹಲ್ಲಿಟ್ಟಿರಲಿಲ್ಲ. ರಾತ್ರೋರಾತ್ರಿ ಎಂಟು ಚದರ ನಟ್ಟು ಕೂರಿಸಿದರು. ಬೆಳಿಗ್ಗೆ ಅಜ್ಜ ಬಂದು ಎಣಿಸಿ, 'ಬಾಯಿ ಕೂಡಿಬಿಟ್ಟಿದೆಯಲ್ಲ ಮಗಾ, ವಯಸ್ಸಾಯಿತು. ಇದನ್ನು ಯಾರು ಕೊಳ್ಳುತ್ತಾರೆ?' ಎಂದರು. ನಾಲ್ಕು ಹಲ್ಲು ಗ್ರೈಂಡರಿಗೆ ಬಲಿಯಾದವು.

ಒಂದನ್ನು ಮಾತ್ರ ಯಾರೂ ಕೇಳಲಿಲ್ಲ, ಗಮನಿಸಿದಿರಾ? ಕಿಲೋ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ! ಹಲ್ಲು, ಸುಳಿ, ಹಿಣಿಲು ನೋಡತೊಡಗಿದ ಮೇಲೆ ಅದು ಅವರ ಕಣ್ಣಿಗೆ ಕಬ್ಬಿಣವಾಗಿ ಉಳಿಯಲೇ ಇಲ್ಲ. ಇದನ್ನು ಗೌಡರಿಗಿಂತ ಮೊದಲು ಅರ್ಥ ಮಾಡಿಕೊಂಡವನು ಸಂತೆಯ ಒಬ್ಬ ದನದ ದಲ್ಲಾಳಿ. ದಿಂಡಿಗಲ್ ರಸ್ತೆಯಲ್ಲಿ ಹೋಟೆಲು ತೆರೆಯಲಿದ್ದ ಗಿರಾಕಿಯೊಬ್ಬನನ್ನು ಕರೆತಂದ. ಗೌಡರು ಎಂದಿನಂತೆ 'ಇದು ಜೀಪಿನ ಸ್ಪ್ರಿಂಗು...' ಎಂದು ಶುರುಮಾಡಿದ್ದೇ ತಡ, ದಲ್ಲಾಳಿ ಅವರ ಕಾಲು ತುಳಿದ. 'ನಾಲ್ಕು ಹಲ್ಲಿನದು. ಸುಳಿ ಶುದ್ಧ. ಹಾಯುವುದಿಲ್ಲ, ಒದೆಯುವುದಿಲ್ಲ, ಹುಲ್ಲು ಕೇಳುವುದಿಲ್ಲ' ಎಂದ. ಹೆಗಲ ಟವಲು ತೆಗೆದು ಗಿರಾಕಿಯ ಕೈ ಮೇಲೆ ಹಾಕಿ, ಗುಟ್ಟಾಗಿ ಬೆಲೆ ಹೇಳಲು ಒಳಗೆ ಬೆರಳು ಹಿಡಿದ. ಬೆರಳು ಮಡಿಸಿದರು, ಬಿಡಿಸಿದರು. ಗಿರಾಕಿ ತಲೆಯಾಡಿಸಿದ, ದಲ್ಲಾಳಿ ಮುಖ ಹುಳ್ಳಗೆ ಮಾಡಿದ, ಎದ್ದು ಹೊರಟ ಹಾಗೆ ಮಾಡಿದ, ಮತ್ತೆ ಟವಲಿನೊಳಕ್ಕೆ ಕೈ ಹೋಯಿತು. ಕೊನೆಗೆ ಗೌಡರ ಬೆರಳನ್ನೂ ಹಿಡಿದು ಒತ್ತಿದ. ಆ ಸಂಖ್ಯೆ ತಿಳಿದು ಗೌಡರು ಕೂತರು. ಹೇಳಬೇಡವೆಂದು ಆಣೆ ಹಾಕಿಸಿದ್ದಾರೆ, ಮನೆಯವರಿಗೆ ಇನ್ನೂ ಗೊತ್ತಿಲ್ಲ. ಕಿಲೋ ಲೆಕ್ಕಕ್ಕೆ ಭಾಗಿಸಿದರೆ ಬೋಡಿಯ ಏಲಕ್ಕಿಯಷ್ಟಲ್ಲದಿದ್ದರೂ ಕಾಫಿಗೆ ಸಮ ಬರುತ್ತದೆ ಎಂದಷ್ಟೇ ಹೇಳಬಲ್ಲೆ.

ಆದ್ದರಿಂದ ಹವ್ಯಾಸಿ ಬೆಸುಗೆಗಾರರಿಗೆ ನನ್ನದೊಂದು ಬಿಟ್ಟಿ ಸಲಹೆ. ಚೈನಿನ ಕುಲಗೋತ್ರ ಹೇಳಬೇಡಿ. ತಕ್ಕಡಿ ಕಣ್ಣಿಗೆ ಬೀಳುವಂತೆ ಇಡಬೇಡಿ. ಗಿರಾಕಿಗೆ ತಪ್ಪು ಹುಡುಕಲು ಬಿಡಿ. ಹಲ್ಲು ಎಣಿಸಿದವನು ಕಿಲೋ ಮರೆಯುತ್ತಾನೆ. ದಲ್ಲಾಳಿ ಮಾತ್ರ ಏನನ್ನೂ ಮರೆಯುವ ಪೈಕಿ ಅಲ್ಲ. ಅವತ್ತು ಎರಡೂ ಕಡೆಯಿಂದ ದಲ್ಲಾಳಿ ಹಣ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಡುವ ಮೊದಲು ಗೌಡರ ಕಿವಿಯಲ್ಲಿ ಹೇಳಿದನಂತೆ: 'ಮುಂದಿನ ಸಲ ಹಸು ಮಾಡಿ ಅಣ್ಣಾ. ಜೊತೆಗೊಂದು ಕರು ಇದ್ದರೆ ಬೆಲೆಯೇ ಬೇರೆ.'